ಗಡಿಯಾರ ತಿರುಗಿಸಿದರೆ ಸೂರ್ಯ ಬೇಗ ಹುಟ್ತಾನಾ?

ಬೇಸಿಗೆಯ ಸಂಜೆ ಬೆಳಕು ಹೆಚ್ಚು ಸಿಗಲಿ ಅಂತ ಗಡಿಯಾರ ಮುಂದಿಟ್ಟು, ಶರತ್ಕಾಲದಲ್ಲಿ ಮತ್ತೆ ಹಿಂದಕ್ಕೆ ತರುವ ಡೇಲೈಟ್ ಸೇವಿಂಗ್ ಟೈಮ್ ಬಗ್ಗೆ ಮೊದಲ ಸಲ ಪಾಠ ಮಾಡಿದಾಗ ಪೂರ್ತಿ ಎಡವಿದೆ. "ಕೆಲವು ದೇಶಗಳಲ್ಲಿ ವಸಂತಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ" ಅಂತ ಬೋರ್ಡಿನ ಮೇಲೆ ಬರೆದೆ. ಹುಡುಗಿಯೊಬ್ಬಳು ಕೈ ಎತ್ತಿದಳು. "ಹಾಗಾದ್ರೆ ಸೂರ್ಯನೂ ಬೇಗ ಹುಟ್ತಾನಾ ಸಾರ್?" ಎಲ್ಲರೂ ನಕ್ಕರು. ತಪ್ಪು ಅವಳದ್ದಲ್ಲ. ಗಂಟೆ ಅನ್ನೋದು ಎಲ್ಲಿಂದ ಬಂತು ಅಂತ ಹೇಳದೆಯೇ ಅದನ್ನು ತಿರುಗಿಸಲು ಹೊರಟಿದ್ದೆ ನಾನು.

ಮುಂದಿನ ವರ್ಷ ಕೋಲಿನಿಂದ ಶುರು ಮಾಡಿದೆ. ಬಯಲಲ್ಲಿ ಒಂದು ಕೋಲು ನೆಟ್ಟು, ಕಾಲು ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲು ಇಟ್ಟೆವು. ನೆರಳು ತೀರಾ ಗಿಡ್ಡ ಆದದ್ದು ಹನ್ನೆರಡರ ಕಲ್ಲಿಗಲ್ಲ, ಹನ್ನೆರಡೂಕಾಲರ ಕಲ್ಲಿಗೆ. "ಕೋಲು ಸೊಟ್ಟ ಇದೆ ಸಾರ್" ಅಂದ ಒಬ್ಬ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದೆವು, ನೆಟ್ಟಗೇ ಇತ್ತು. ಹಾಗಾದರೆ ಗಡಿಯಾರವೇ ತಪ್ಪಾ? ನನಗೆ ಬೇಕಿದ್ದದ್ದೂ ಅದೇ ಪ್ರಶ್ನೆ.

ಹಿಂದೆ ಊರೂರಿಗೂ ಅದರದ್ದೇ ನಡುಮಧ್ಯಾಹ್ನ ಇತ್ತು, ಅಲ್ಲಿ ನೆರಳು ತೀರಾ ಗಿಡ್ಡ ಆದಾಗ ಹನ್ನೆರಡು. ಒಂದು ಡಿಗ್ರಿ ರೇಖಾಂಶ ದಾಟಿದರೆ 4 ನಿಮಿಷ ವ್ಯತ್ಯಾಸ. ನಡೆದು ಹೋಗುವವನಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ, ರೈಲಿಗೆ ಇತ್ತು. ಅಮೆರಿಕದ ರೈಲು ಕಂಪನಿಗಳು 1883ರ ನವೆಂಬರ್ 18ರಂದು ವಲಯಕ್ಕೊಂದು ಸಮಯ ಇಟ್ಟುಕೊಂಡವು. ಮರುವರ್ಷ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿ ಲಂಡನ್ನಿನ ಗ್ರೀನ್‌ವಿಚ್ಚನ್ನು ಸೊನ್ನೆ ರೇಖೆ ಅಂತ ಒಪ್ಪಿಕೊಂಡರು. ಗಡಿಯಾರ ತೋರಿಸೋದು ಎಲ್ಲರೂ ಸೇರಿ ಒಪ್ಪಿಕೊಂಡ ಸಮಯ ಅಂತ ಮಕ್ಕಳಿಗೆ ಇಲ್ಲಿ ಹೊಳೆಯಿತು. ಇಷ್ಟು ಗೊತ್ತಾದ ಮೇಲೆ ಅದನ್ನು ತಿರುಗಿಸುವುದರಲ್ಲಿ ಏನೂ ಮಾಯ ಇಲ್ಲ, ಅಲ್ವಾ?

ಕತೆಗಳಲ್ಲಿ ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್‌ದು. ಕೆಲಸ ಮುಗಿಸಿ ಹುಳ ಹಿಡಿಯಲು ಬೆಳಕು ಬೇಕು ಅಂತ 1895ರಲ್ಲಿ ಎರಡು ಗಂಟೆ ತಿರುಗಿಸೋಣ ಅಂದವನು. ಇಂಗ್ಲೆಂಡಿನ ವಿಲಿಯಂ ವಿಲೆಟ್ 1907ರಲ್ಲಿ ನಾಲ್ಕು ಭಾನುವಾರ 20 ನಿಮಿಷದಂತೆ ತಿರುಗಿಸಿ ಅಂದ. ಯಾರೂ ಕೇಳಲಿಲ್ಲ. ಕಡೆಗೆ ಯುದ್ಧದ ಹೊತ್ತಿನಲ್ಲಿ ಇಂಧನ ಉಳಿಸಲು ಜರ್ಮನಿ 1916ರ ಏಪ್ರಿಲ್ 30ರಂದು ಇದನ್ನು ಜಾರಿ ಮಾಡಿತು. ರೈತರಿಗಾಗಿ ತಂದದ್ದು ಅಂತ ನಾನೇ ಎಷ್ಟೋ ಸಲ ಹೇಳಿದ್ದೆ. ನಿಜಕ್ಕೂ ಅಮೆರಿಕದ ರೈತರು ಇದರ ವಿರುದ್ಧ ಇದ್ದರು. ಮುಂದಿನ ಬ್ಯಾಚಿನ ಎದುರು ಆ ತಪ್ಪನ್ನು ಒಪ್ಪಿಕೊಂಡೆ.

ಸಮಭಾಜಕದ ಹತ್ತಿರ ಇದು ಯಾಕೆ ಬೇಡ ಅನ್ನೋದಕ್ಕೆ ಟಾರ್ಚು, ಗ್ಲೋಬು ಸಾಕು. ಅಲ್ಲಿ ವರ್ಷವಿಡೀ ಹಗಲು ಹೆಚ್ಚುಕಮ್ಮಿ ಒಂದೇ ಸಮ.

ಆಮೇಲೆ ಲೆಕ್ಕ. ಗಡಿಯಾರ ಮುಂದಕ್ಕೆ ಹೋಗುವ ರಾತ್ರಿ 10ರಿಂದ 6ರವರೆಗೆ ಕಾವಲು ಕಾದವನು ಎಷ್ಟು ಗಂಟೆ ದುಡಿದ? ಏಳು. ಶರತ್ಕಾಲದಲ್ಲಿ ಗಡಿಯಾರ ಹಿಂದಕ್ಕೆ ಬರುವ ರಾತ್ರಿ ಒಂಬತ್ತು. ಸಂಬಳ ಎಷ್ಟು ಕೊಡಬೇಕು ಅಂತ ಅರ್ಧ ತರಗತಿ ಜಗಳಕ್ಕೇ ನಿಂತಿತು.

ಕೊನೆಯ ಐದು ನಿಮಿಷಕ್ಕೆ ಅವಳಿಗಳ ಪ್ರಶ್ನೆ ಇಟ್ಟುಕೊಂಡಿರುತ್ತೇನೆ. ಅಮೆರಿಕದಲ್ಲಿ ನವೆಂಬರಿನ ಆ ರಾತ್ರಿ 2 ಆಗುತ್ತಿದ್ದಂತೆ ಗಡಿಯಾರ ಮತ್ತೆ 1ಕ್ಕೆ ಬರುತ್ತದೆ. ಮೊದಲನೆಯ ಮಗು ಹುಟ್ಟಿದ್ದು 1:55ಕ್ಕೆ. ಎರಡನೆಯದು 15 ನಿಮಿಷ ಬಿಟ್ಟು. ಅದರ ಸಮಯ ಎಷ್ಟು ಅಂತ ಬರೆಯುತ್ತೀರಿ? ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "1:10! ಸಾರ್, ಕಾಗದದಲ್ಲಿ ತಮ್ಮನೇ ಅಣ್ಣ ಆಗಿಬಿಟ್ಟ!"