ಫೀನಿಕ್ಸ್ ಬಿಸಿಲಲ್ಲಿ ಎಸಿ ಬಿಲ್ಲು ಇಳಿಸಿದ ಬಗೆ

"ಥರ್ಮೋಸ್ಟಾಟ್ ಎಷ್ಟಕ್ಕೆ ಇಟ್ಟಿದ್ದೀರಿ?" ಅರಿಜೋನಾಕ್ಕೆ ಹೊಸದಾಗಿ ಬಂದ ಕನ್ನಡದವರು ಮೊದಲ ಬೇಸಿಗೆಯ ಬಿಲ್ಲು ನೋಡಿ ಎದೆ ಧಸಕ್ಕೆಂದ ಮೇಲೆ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಎರಡು ಕೇಳುತ್ತೇನೆ. ನಿಮ್ಮ ಮನೆಯ ಪಡುವಣ ಗೋಡೆಯಲ್ಲಿ ಎಷ್ಟು ಕಿಟಕಿಗಳಿವೆ? ಕರೆಂಟಿನ ಪ್ಲ್ಯಾನ್ ಯಾವುದು? ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿರುವ ನಮ್ಮ ಮನೆಯ ಜುಲೈ ಬಿಲ್ಲು ಮೊದಲು ನಾನೂರು ಡಾಲರ್ ದಾಟುತ್ತಿತ್ತು, ಈಗ ಇನ್ನೂರೈವತ್ತರ ಆಸುಪಾಸಿನಲ್ಲಿದೆ. ಈ ಎರಡು ಪ್ರಶ್ನೆ ಮತ್ತು ಅಟ್ಟದೊಳಗಿನ ಒಂದಿಷ್ಟು ಕೊಳಕು ಕೆಲಸ, ಉಳಿತಾಯದ ಬಹುಪಾಲು ಇಷ್ಟರಿಂದಲೇ. ಎಸಿ ಬದಲಿಸಿದ್ದು ಕಟ್ಟಕಡೆಗೆ.

ನಾನು ಕಲಬುರಗಿಯವಳು. 43 ಡಿಗ್ರಿ ಸೆಲ್ಸಿಯಸ್ ನನಗೇನೂ ಹೊಸದಲ್ಲ. ಆದರೆ ನಮ್ಮೂರ ಬಿಸಿಲಿಗೆ ಒಂದು ಗಡುವಿದೆ, ಮೃಗಶಿರಾ ಮಳೆ ಬಿದ್ದರೆ ಮುಗಿಯಿತು. ಇಲ್ಲಿ ಆ ಮಾತೇ ಇಲ್ಲ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ, ಒಂದೇ ಸಮ 31 ದಿನ ಫೀನಿಕ್ಸ್‌ನಲ್ಲಿ 110 ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್ ಮುಟ್ಟಿತು ಅಥವಾ ದಾಟಿತು. ಮರುವರ್ಷ 100 ಫ್ಯಾರನ್‌ಹೀಟ್‌ಗೆ ಕಡಿಮೆಯಿಲ್ಲದ ದಿನಗಳು ಸಾಲಾಗಿ 113 ಬಂದವು. ಜುಲೈ ರಾತ್ರಿಗಳಲ್ಲಿ ಎಷ್ಟೋ ಸಲ 90, ಅಂದರೆ 32 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. ರಾತ್ರಿ ಕಿಟಕಿ ತೆಗೆದಿಟ್ಟು ಮನೆ ತಂಪು ಮಾಡಿಕೊಳ್ಳುವ, ಮಾಳಿಗೆ ಮೇಲೆ ಹಾಸಿಗೆ ಹಾಸುವ ನಮ್ಮ ವಿದ್ಯೆ ಇಲ್ಲಿ ಏಪ್ರಿಲ್‌ಗೆ ನಡೆಯುತ್ತದೆ, ಜುಲೈಗೆ ಕೈಕೊಡುತ್ತದೆ.

ಮನೆ ಕಟ್ಟುವ ರೀತಿಯೂ ಬೇರೆ. ನಮ್ಮ ಕಡೆಯ ಹಳೇ ಮನೆಗಳಿಗೆ ಮೊಳದಪ್ಪದ ಕಲ್ಲಿನ ಗೋಡೆ, ಸಣ್ಣ ಕಿಟಕಿ, ಶಹಾಬಾದಿ ಕಲ್ಲಿನ ನೆಲ. ಇಲ್ಲಿನ ಮನೆಗಳಿಗೆ ಕಟ್ಟಿಗೆಯ ಚೌಕಟ್ಟು, ಹೊರಗೆ ತೆಳ್ಳಗೆ ಬಳಿದ ಸ್ಟಕೋ ಗಾರೆ, ಒಳಗೆ ಜಿಪ್ಸಮ್ ಹಲಗೆ. ಹೆಂಚಿನ ಚಾವಣಿಯ ಕೆಳಗಿನ ಅಟ್ಟದಲ್ಲಿ ಬೇಸಿಗೆಯ ಮಧ್ಯಾಹ್ನ 150 ಫ್ಯಾರನ್‌ಹೀಟ್, ಸುಮಾರು 65 ಸೆಲ್ಸಿಯಸ್ ಇರುತ್ತದೆ. ಎಸಿಯ ತಂಪು ಗಾಳಿ ಸಾಗಿಸುವ ಡಕ್ಟ್‌ಗಳನ್ನು ಹೋಗಿ ಹೋಗಿ ಆ ಅಟ್ಟದಲ್ಲೇ ಹಾಯಿಸಿರುತ್ತಾರೆ! ಮರುಭೂಮಿಯಲ್ಲಿ ಕೂತು ಇಂಥ ನಕ್ಷೆ ಬರೆದವರಿಗೆ ಒಂದು ಆಗಸ್ಟ್ ತಿಂಗಳು ಅದೇ ಅಟ್ಟದಲ್ಲಿ ವಾಸ್ತವ್ಯ ಕೊಡಬೇಕು ಅಂತ ನನಗೆ ಅನಿಸುವುದುಂಟು.

ಹಾಗಾಗಿ ನಾವು ಮೊದಲು ಕೈ ಹಾಕಿದ್ದು ಅಟ್ಟಕ್ಕೆ. ಮನೆ ಪರೀಕ್ಷೆ ಮಾಡುವವರು ಬಂದು ಕೋಣೆಗಳಿಗೆ ತಂಪು ಗಾಳಿ ಬಿಡುವ ವೆಂಟ್‌ಗಳಿಗೆಲ್ಲ ಟೇಪು ಅಂಟಿಸಿ, ಒಂದು ಫ್ಯಾನಿನಿಂದ ಡಕ್ಟ್‌ಗೆ ಒತ್ತಡ ಕೊಟ್ಟು ಎಷ್ಟು ಗಾಳಿ ಸೋರುತ್ತದೆ ಎಂದು ಅಳೆದರು. ಐದನೇ ಒಂದು ಭಾಗಕ್ಕಿಂತ ಹೆಚ್ಚು ಸೋರುತ್ತಿತ್ತು. ಅಮೆರಿಕದ ಮನೆಗಳಲ್ಲಿ ಇದು ಅಪರೂಪವೇನೂ ಅಲ್ಲವಂತೆ. ನಷ್ಟ ಒಂದೇ ಸಲ ಆಗಿ ನಿಲ್ಲುವುದಿಲ್ಲ. ತಂಪು ಗಾಳಿ ಅಟ್ಟಕ್ಕೆ ಹೋದಷ್ಟು ಮನೆಯೊಳಗೆ ಗಾಳಿ ಕಡಿಮೆಯಾಗುತ್ತದೆ, ಆ ಕೊರತೆ ತುಂಬಲು ಬಾಗಿಲ ಸಂದಿ, ಲೈಟಿನ ತೂತು, ಪ್ಲಗ್ಗಿನ ಡಬ್ಬಿಗಳಿಂದ ಹೊರಗಿನ ಬಿಸಿ ಗಾಳಿ ಒಳಗೆ ನುಗ್ಗುತ್ತದೆ. ದುಡ್ಡು ಕೊಟ್ಟು ತಣಿಸಿದ್ದನ್ನು ಆಚೆಗೆ ಎಸೆದು, ಬಿಸಿಯನ್ನು ಒಳಗೆ ಕರೆದಂತೆ. ಹಬೂಬ್ ಎನ್ನುವ ಧೂಳುಬಿರುಗಾಳಿ ಬಂದುಹೋದ ಮರುದಿನ ಬಾಗಿಲು ಹಾಕಿದ್ದ ಮನೆಯಲ್ಲೂ ಬೆರಳಲ್ಲಿ ಬರೆಯುವಷ್ಟು ಧೂಳು ಕೂತಿದ್ದರೆ ಡಕ್ಟ್ ಮೇಲೆ ಅನುಮಾನಪಡಿ.

ಜೋಡಣೆಗಳಿಗೆಲ್ಲ ಮ್ಯಾಸ್ಟಿಕ್ ಎಂಬ ದಪ್ಪ ಅಂಟನ್ನು ಬ್ರಷ್‌ನಲ್ಲಿ ಬಳಿಸಿದೆವು. ಅಂಗಡಿಯಲ್ಲಿ ಡಕ್ಟ್ ಟೇಪ್ ಅಂತಲೇ ಮಾರುವ ಬೂದುಬಣ್ಣದ ಬಟ್ಟೆಟೇಪು ಈ ಕೆಲಸಕ್ಕೆ ಬಾರದು, ಅಟ್ಟದ ಕಾವಿಗೆ ಒಣಗಿ ಉದುರುತ್ತದೆ. ಅದಾದ ಮೇಲೆ ಅಟ್ಟದ ನೆಲದ ಮೇಲೆ ಕಾವು ತಡೆಯುವ ಇನ್ಸುಲೇಷನ್ ಊದಿಸಿ ಆರ್-38ಕ್ಕೆ ಏರಿಸಿದೆವು. ಆರ್ ಅಂಕಿ ಹೆಚ್ಚಿದಷ್ಟೂ ಕಾವು ಹೆಚ್ಚು ತಡೆಯುತ್ತದೆ. ಈ ಕ್ರಮ ಮುಖ್ಯ: ಮೊದಲು ಸಂದಿ ಮುಚ್ಚಿಸಿ, ಆಮೇಲೆ ಇನ್ಸುಲೇಷನ್. ಉಲ್ಟಾ ಮಾಡಿದರೆ ಸೋರುವ ಜಾಗಗಳೆಲ್ಲ ಅದರಡಿ ಹೂತುಹೋಗುತ್ತವೆ. ನಾವು ಮಾಡಿಸಿದಾಗ ಕೇಂದ್ರ ಸರ್ಕಾರದ 30 ಶೇಕಡಾ ತೆರಿಗೆ ರಿಯಾಯಿತಿ ಇತ್ತು, 2025ರ ಕೊನೆಗೆ ಅದು ನಿಂತಿದೆ. ರಿಯಾಯಿತಿ ಇಲ್ಲದೆಯೂ ನಾನು ಮೊದಲು ಮಾಡಿಸುವುದು ಇದನ್ನೇ.

ಇದೇ ಪರೀಕ್ಷೆಯಲ್ಲಿ ಮಕ್ಕಳ ಕೋಣೆಯ ಒಗಟೂ ಬಿಡಿಸಿತು. ರಾತ್ರಿ ಬಾಗಿಲು ಹಾಕಿ ಮಲಗಿದರೆ ಅವರ ಕೋಣೆ ಕಾದುಬಿಡುತ್ತಿತ್ತು. ಗಾಳಿ ಹಿಂದಕ್ಕೆ ಎಳೆದುಕೊಳ್ಳುವ ದೊಡ್ಡ ಜಾಲರಿ ಹಜಾರದಲ್ಲಿ ಒಂದೇ ಇದೆ, ಬಾಗಿಲು ಹಾಕಿದರೆ ಕೋಣೆಗೆ ಬಂದ ಗಾಳಿಗೆ ವಾಪಸು ಹೋಗಲು ದಾರಿಯಿಲ್ಲ, ಹೊಸ ಗಾಳಿ ಬರಲು ಜಾಗವಿಲ್ಲ. ಕೋಣೆಯಿಂದ ಹಜಾರಕ್ಕೆ ಸೂರಿನ ಮೇಲಿಂದ ಒಂದು ಗಿಡ್ಡ ಡಕ್ಟ್ ಹಾಯಿಸಿದ್ದಕ್ಕೆ ಸರಿಹೋಯಿತು. ಬಳಸದ ಕೋಣೆಯ ವೆಂಟ್ ಮುಚ್ಚಿದರೆ ಉಳಿತಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಒತ್ತಡ ಏರಿ ಸೋರಿಕೆ ಹೆಚ್ಚುತ್ತದೆ ಅಷ್ಟೆ.

ಇನ್ನು ಪಡುವಣದ ಕಿಟಕಿ. ಅರಿಜೋನಾದ ಬಹುಭಾಗದಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವ ಪದ್ಧತಿ ಇಲ್ಲ, ಆದರೂ ಜೂನ್ ಕೊನೆಗೆ ಸೂರ್ಯ ಮುಳುಗುವುದು ಏಳೂ ಮುಕ್ಕಾಲಿನ ಹೊತ್ತಿಗೆ. ಮೂರು ಗಂಟೆಯಿಂದ ಅಲ್ಲಿಯವರೆಗೆ ಬಿಸಿಲು ಅಡ್ಡಡ್ಡ ಬಂದು ಗಾಜಿಗೇ ಹೊಡೆಯುತ್ತದೆ, ಮೇಲಿನ ಸಜ್ಜಾ ತಡೆಯಲಾರದು. ನಾವು ಮೊದಲು ದಪ್ಪ ಪರದೆ ಹಾಕಿದ್ದೆವು. ಬೆಳಕು ನಿಂತಿತು, ಕಾವು ನಿಲ್ಲಲಿಲ್ಲ. ಗಾಜು ದಾಟಿ ಒಳಗೆ ಬಂದ ಬಿಸಿಲು ಪರದೆಯನ್ನು ಕಾಯಿಸುತ್ತದೆ, ಪರದೆ ಮನೆಯನ್ನು ಕಾಯಿಸುತ್ತದೆ. ಬಿಸಿಲನ್ನು ಗಾಜಿನ ಆಚೆಗೇ ತಡೆಯಬೇಕು. ಇಲ್ಲಿ ಸನ್‌ಸ್ಕ್ರೀನ್ ಎಂದು ಕರೆಯುವ ಒತ್ತೊತ್ತಾದ ಜಾಲರಿ ಸಿಗುತ್ತದೆ, 80 ಅಥವಾ 90 ಶೇಕಡಾ ಬಿಸಿಲು ತಡೆಯುವಂಥದು. ಪಡುವಣಕ್ಕೂ ಮೂಡಣಕ್ಕೂ 90ರದ್ದು ಹಾಕಿಸಿದೆವು. ತೆಂಕಣದ ಕಿಟಕಿಯ ಜಾಲರಿಯನ್ನು ನವೆಂಬರ್‌ನಲ್ಲಿ ಬಿಚ್ಚಿಡುತ್ತೇವೆ, ಚಳಿಗಾಲದ ಬಿಸಿಲು ಬೇಕಲ್ಲ. ಬಡಾವಣೆಯ ಸಂಘಕ್ಕೆ ಬಣ್ಣದ ಒಪ್ಪಿಗೆ ಕೇಳಬೇಕಾಯಿತು, ಅದೊಂದು ಪುರಾಣ. ಒಳಗೆ ಸ್ವಲ್ಪ ಮಬ್ಬು ಕವಿಯುತ್ತದೆ ನಿಜ. ನಮ್ಮ ಯಜಮಾನರು ಈಗಲೂ ಗೊಣಗುತ್ತಾರೆ, ಬಿಲ್ಲು ಬಂದ ದಿನ ಮಾತ್ರ ಸುಮ್ಮನಿರುತ್ತಾರೆ.

ಮನೆ ತಂಪು ಹಿಡಿದಿಡಲು ಕಲಿತ ಮೇಲೆಯೇ ಪ್ಲ್ಯಾನ್ ಬದಲಿಸುವುದರಲ್ಲಿ ಅರ್ಥ ಬಂತು. ನಮ್ಮ ಕಡೆ ಕರೆಂಟು ಕೊಡುವುದು ಸಾಲ್ಟ್ ರಿವರ್ ಪ್ರಾಜೆಕ್ಟ್, ಎಲ್ಲರೂ ಎಸ್‌ಆರ್‌ಪಿ ಅನ್ನುತ್ತಾರೆ. ಅವರ ಬೇಸಿಗೆ ದರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಜುಲೈ ಆಗಸ್ಟ್ ಇನ್ನೂ ದುಬಾರಿ. ನಾವು ಆರಿಸಿಕೊಂಡ ಈಜಿ-3 ಪ್ಲ್ಯಾನ್‌ನಲ್ಲಿ ವಾರದ ದಿನಗಳ ಮಧ್ಯಾಹ್ನ 3ರಿಂದ 6ರವರೆಗೆ ಯೂನಿಟ್ ದರ ಉಳಿದ ಹೊತ್ತಿನ ಹಲವು ಪಟ್ಟು. ಬದಲಿಗೆ ಉಳಿದ ಹೊತ್ತೆಲ್ಲ ಅಗ್ಗ. ಮಧ್ಯಾಹ್ನ ಒಂದು ಗಂಟೆಗೆ ಥರ್ಮೋಸ್ಟಾಟ್ 74ಕ್ಕೆ ಇಳಿಯುತ್ತದೆ, 23 ಸೆಲ್ಸಿಯಸ್. ಎರಡು ತಾಸಿನಲ್ಲಿ ಗಾಳಿಯ ಜೊತೆ ಗೋಡೆ, ನೆಲದ ಕಾಂಕ್ರೀಟು, ಸೋಫಾ, ಪಾತ್ರೆಪಗಡವೂ ತಣ್ಣಗಾಗುತ್ತವೆ. ಮೂರಕ್ಕೆ ಸರಿಯಾಗಿ ಅದು ತಾನೇ 82ಕ್ಕೆ, 28 ಸೆಲ್ಸಿಯಸ್‌ಗೆ ಏರುತ್ತದೆ. ಡಕ್ಟ್ ಸರಿಮಾಡಿಸುವ ಮುಂಚೆ ಹೀಗೆ ಮಾಡಿದ್ದರೆ ಮುಕ್ಕಾಲು ತಾಸಿನಲ್ಲಿ 82 ಮುಟ್ಟಿ ಎಸಿ ದುಬಾರಿ ಹೊತ್ತಿನಲ್ಲೇ ಗರಗರ ಶುರು ಮಾಡುತ್ತಿತ್ತು. ಈಗ ಐದೂವರೆವರೆಗೆ ಸದ್ದಿಲ್ಲ. ಆ ಹೊತ್ತಿನಲ್ಲಿ ಸೀಲಿಂಗ್ ಫ್ಯಾನ್ ಇದ್ದರೆ ಸಾಕು. ಆದರೆ ಫ್ಯಾನ್ ಮನುಷ್ಯರನ್ನು ತಣಿಸುತ್ತದೆ, ಕೋಣೆಯನ್ನಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನ್ ದಂಡ.

ಪ್ಲ್ಯಾನ್‌ಗಳ ಹೆಸರು, ಗಂಟೆ ಎರಡೂ ಬದಲಾಗುತ್ತಿರುತ್ತವೆ. ಸೋಲಾರ್ ಕರೆಂಟು ಹಗಲಲ್ಲಿ ಹೆಚ್ಚಿದಂತೆಲ್ಲ ದುಬಾರಿ ಹೊತ್ತು ಸಂಜೆಯತ್ತ ಸರಿಯುತ್ತಿದೆ, ನಿಮ್ಮದನ್ನು ನೀವೇ ನೋಡಿಕೊಳ್ಳಿ. "ಡಿಮ್ಯಾಂಡ್" ಎಂಬ ಪದ ಇರುವ ಪ್ಲ್ಯಾನ್ ಬಗ್ಗೆ ಮಾತ್ರ ಎಚ್ಚರ. ಅದರಲ್ಲಿ ಅಳತೆಯ ಹೊತ್ತಿನಲ್ಲಿ ನೀವು ಅತಿ ಹೆಚ್ಚು ಎಳೆದ ಒಂದು ಗಳಿಗೆಯ ಲೆಕ್ಕಕ್ಕೆ ತಿಂಗಳ ಶುಲ್ಕ ಬೀಳುತ್ತದೆ. ಎಸಿ, ಓವನ್, ಬಟ್ಟೆ ಒಣಗಿಸುವ ಡ್ರೈಯರ್ ಮೂರೂ ಒಂದೇ ಸಂಜೆ ಓಡಿದರೆ ಉಳಿದ ದಿನಗಳ ಶಿಸ್ತೆಲ್ಲ ನೀರುಪಾಲು. ಮಕ್ಕಳಿರುವ ಮನೆಗೆ ಅದು ಹೇಳಿದ್ದಲ್ಲ.

ಅಡುಗೆಯ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ. ಒಳಗೆ ಹಚ್ಚಿದ ಒಲೆಯ ಕಾವನ್ನು ಎಸಿಯೇ ಹೊರಗೆ ಹಾಕಬೇಕು, ಅಂದರೆ ಒಂದು ಅಡುಗೆಗೆ ಎರಡು ಸಲ ದುಡ್ಡು. ಜ್ವಾಳದ ರೊಟ್ಟಿ ಬಡಿಯುವುದು ಈಗ ಬೆಳಗ್ಗೆ ಐದೂವರೆಗೆ, ಹಿತ್ತಲಿನ ನೆರಳಲ್ಲಿ, ಗ್ಯಾಸ್ ಒಲೆಯ ಮೇಲೆ. ಒಮ್ಮೆಗೆ ಎರಡು ದಿನಕ್ಕಾಗುವಷ್ಟು. ಇಲ್ಲಿ ಒಣಹವೆಯಲ್ಲಿ ಕಟಿರೊಟ್ಟಿ ಆಗುವುದು ಬಲು ಸುಲಭ, ಅದೊಂದು ಲಾಭ. ಬಟ್ಟೆಯೂ ಹಗ್ಗದ ಮೇಲೆ ಜೂನ್‌ನಲ್ಲಿ ತಾಸಿನೊಳಗೆ ಗರಿಗರಿ. ಡ್ರೈಯರ್ ಓಡಿದಷ್ಟು ಹೊತ್ತೂ ಮನೆಯ ತಂಪು ಗಾಳಿಯನ್ನೇ ಹೊರಗೆ ದಬ್ಬುತ್ತಿರುತ್ತದೆ ಅನ್ನುವುದನ್ನು ಮರೆಯಬೇಡಿ. ಜುಲೈ ಬಂದರೆ ತಣ್ಣೀರಿನ ನಲ್ಲಿಯಲ್ಲೇ ಉಗುರುಬೆಚ್ಚಗಿನ ನೀರು ಬರುತ್ತದೆ, ವಾಟರ್ ಹೀಟರ್ ಉಷ್ಣತೆ ಇಳಿಸಿಡುತ್ತೇವೆ.

ನೀರಿನ ಕೂಲರ್ ಬಗ್ಗೆ ಕಲಬುರಗಿ, ರಾಯಚೂರಿನವರು ತಪ್ಪದೆ ಕೇಳುತ್ತಾರೆ. ಮೇ ಮತ್ತು ಜೂನ್‌ನಲ್ಲಿ ಇಲ್ಲಿನ ಗಾಳಿ ಎಷ್ಟು ಒಣಗಿರುತ್ತದೆಂದರೆ ಕೂಲರ್ ಬಲು ಚೆನ್ನಾಗಿ ಕೆಲಸ ಮಾಡುತ್ತದೆ, ಎಸಿಯ ಕಾಲುಭಾಗ ಕರೆಂಟೂ ಬೇಡ. ಜುಲೈನಲ್ಲಿ ಮಾನ್ಸೂನ್ ತೇವ ಬಂದ ಮೇಲೆ ಬರೀ ಜಿಗುಟು. ಗಾಳಿಯ ತೇವ ಎಷ್ಟೆಂದು ತೋರಿಸುವ ಇಬ್ಬನಿಬಿಂದು (ಡ್ಯೂ ಪಾಯಿಂಟ್) 55 ಫ್ಯಾರನ್‌ಹೀಟ್ ದಾಟಿತೇ ಅಂತ ನೋಡಿ ನಾನು ನಿಲ್ಲಿಸುತ್ತೇನೆ. ನಮ್ಮದು ಹಿಂದಿನ ಪಡಸಾಲೆಗೆ ಮಾತ್ರ. ಎಸಿ ಓಡುವ ಕೋಣೆಯಲ್ಲಿ ಕೂಲರ್ ಹಚ್ಚಬೇಡಿ, ಕೂಲರ್ ತುಂಬಿದ ತೇವವನ್ನು ಎಸಿ ಹಿಂಡಿ ತೆಗೆಯಬೇಕಾಗುತ್ತದೆ.

ಕೊನೆಗೆ ಯಂತ್ರ. ಹಳೇ ಎಸಿ ಸೋತಾಗ ಬಂದ ಒಬ್ಬ ಗುತ್ತಿಗೆದಾರ ನಾಲ್ಕು ಟನ್ ತೆಗೆದು ಐದು ಟನ್ ಹಾಕಿ ಎಂದ. ಮನೆ ಅಳೆದಿರಲಿಲ್ಲ, ಕಿಟಕಿ ಎಣಿಸಿರಲಿಲ್ಲ. ಮನೆಗೆ ಎಷ್ಟು ದೊಡ್ಡ ಎಸಿ ಬೇಕೆಂದು ತಿಳಿಸುವ ಮ್ಯಾನ್ಯುಯಲ್ ಜೆ ಎಂಬ ಲೆಕ್ಕ ಹಾಕಿಕೊಟ್ಟ ಇನ್ನೊಬ್ಬರ ಪ್ರಕಾರ ಬಿಗಿಯಾದ ಮನೆಗೆ ಮೂರೂವರೆ ಸಾಕಿತ್ತು, ಅದನ್ನೇ ಹಾಕಿಸಿದೆವು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವ ಸೀರ್ ಅಂಕಿ ಕರೆಂಟಿಗೆ ಎಷ್ಟು ತಂಪು ಸಿಗುತ್ತದೆ ಎನ್ನುವುದರ ಇಡೀ ಋತುವಿನ ಸರಾಸರಿ, ಹದವಾದ ಹವೆಯೂ ಅದರಲ್ಲಿ ಸೇರಿರುತ್ತದೆ. ಮರುಭೂಮಿಯವರು ನೋಡಬೇಕಾದದ್ದು ಪಕ್ಕದ ಸಣ್ಣಕ್ಷರದ ಇಇಆರ್ ಅಂಕಿ, ಅದು ಹೊರಗೆ 95 ಫ್ಯಾರನ್‌ಹೀಟ್ ಇದ್ದಾಗಿನ ಅಳತೆ. 2023ರಿಂದ ಅರಿಜೋನಾ ಸೇರಿದ ನೈಋತ್ಯ ರಾಜ್ಯಗಳಿಗೆ ಎರಡು ಅಂಕಿಗೂ ಕನಿಷ್ಠ ಮಿತಿ ಇದೆ. 110ರಲ್ಲಿ ಯಾವ ಯಂತ್ರವೂ ಪಟ್ಟಿಯಲ್ಲಿ ಬರೆದಷ್ಟು ತಣಿಸುವುದಿಲ್ಲ. ಕಿಟಕಿಗೆ ಒಂದೇ ಪೈಪು ಬಿಡುವ, ಚಕ್ರದ ಮೇಲಿನ ಎಸಿಯಂತೂ ಕೊಳ್ಳಬೇಡಿ, ಅದು ಕೋಣೆಯ ಗಾಳಿಯನ್ನೇ ಹೊರಗೆ ಊದಿ ಬಿಸಿಗಾಳಿಯನ್ನು ಸಂದಿಗಳಿಂದ ಎಳೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. 2023ರಲ್ಲಿ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಬಿಸಿಲ ಕಾವಿಗೆ ಸಂಬಂಧಿಸಿ ಸತ್ತವರು 645 ಜನ. ಮನೆಯೊಳಗೆ ಸತ್ತವರಲ್ಲಿ ಹೆಚ್ಚಿನವರ ಎಸಿ ಕೆಟ್ಟಿತ್ತು, ಇಲ್ಲವೇ ಆರಿತ್ತು. ಅವ್ವ ಬಂದಿದ್ದಾಗ 82ರ ಲೆಕ್ಕವನ್ನು ನಾನು ಮೂಲೆಗಿಟ್ಟೆ, ದಿನವಿಡೀ 78. "ನನ್ನ ಸಲುವಾಗಿ ಯಾಕ ರೊಕ್ಕಾ ಸುಡ್ತೀಯವ್ವಾ, ನಾ ಕಲಬುರಗಿ ಬಿಸಿಲು ಕಂಡಾಕಿ" ಅಂದಳು. ವಯಸ್ಸಾದವರಿಗೆ ಬಾಯಾರಿಕೆಯೂ ಸೆಕೆಯೂ ತಡವಾಗಿ ತಿಳಿಯುತ್ತವೆ, ಅವರ ಮಾತು ಕೇಳಿ ಎಸಿ ಆರಿಸಬೇಡಿ.

ಮಾಡಿಸುವುದಿದ್ದರೆ ಫೆಬ್ರವರಿಯಲ್ಲಿ ಮಾಡಿಸಿ. ಆಗ ಕೆಲಸದವರು ಸಿಗುತ್ತಾರೆ, ಚೌಕಾಸಿಗೆ ಬಗ್ಗುತ್ತಾರೆ, ಅಟ್ಟದಲ್ಲಿ ಮನುಷ್ಯ ನಿಲ್ಲಬಹುದು. ಹೊರಗಿನ ಯಂತ್ರದ ಸುರುಳಿಯ ಧೂಳನ್ನು ಮುಖ್ಯ ಸ್ವಿಚ್ ಆರಿಸಿ ಮೆಲ್ಲನೆ ನೀರು ಬಿಟ್ಟು ತೊಳೆಯಿರಿ, ಫಿಲ್ಟರ್ ತಿಂಗಳಿಗೊಮ್ಮೆ ನೋಡಿ, ಹಬೂಬ್ ಬಂದರೆ ಮರುದಿನವೇ. ಎಸಿಯ ಮೋಟಾರು ಶುರುವಾಗಲು ಬಲ ಕೊಡುವ ಕೆಪಾಸಿಟರ್ ದುರ್ಬಲವಾಗಿದೆಯೇ ಎಂದು ಅದೇ ಭೇಟಿಯಲ್ಲಿ ಅಳೆಸಿ. ಕೆಲವೇ ಡಾಲರಿನ ಆ ಡಬ್ಬಿ ಕೈಕೊಡುವುದು 115 ಡಿಗ್ರಿ ಇರುವ ಶನಿವಾರ ಸಂಜೆಯೇ, ಆಗ ಕರೆದವರಿಗೆ ಕೇಳಿದಷ್ಟು ಕೊಡಬೇಕಾಗುತ್ತದೆ. ನೀವೇ ಬಿಚ್ಚಲು ಹೋಗಬೇಡಿ, ಕರೆಂಟು ಆರಿಸಿದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಉಳಿದಿರುತ್ತದೆ.