ಚೆನ್ನಾಗಿ ಬರುವ ಕೆಲಸವನ್ನೇ ಮೊದಲು ಬಿಟ್ಟುಕೊಟ್ಟೆ

ಬಿಲ್ಲಿಂಗ್ ಸಾಫ್ಟ್‌ವೇರ್ ನನ್ನ ವ್ಯವಹಾರ. ಒಬ್ಬನೇ ಶುರು ಮಾಡಿದ್ದು, ಈಗ ನನ್ನನ್ನೂ ಸೇರಿಸಿ 6 ಜನ ಇದ್ದೇವೆ. ಕಳೆದ ತಿಂಗಳು 12 ದಿನ ರಜೆಯಲ್ಲಿದ್ದೆ. ಒಂದು ಫೋನೂ ಬರಲಿಲ್ಲ! ಚೆನ್ನಾಗಿ ಬರುವ ಕೆಲಸವನ್ನೇ ಮೊದಲು ಬೇರೆಯವರಿಗೆ ಕೊಟ್ಟರೆ ಆಗುವುದಿಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

"ನಿನಗೆ ಬಾರದ ಕೆಲಸಕ್ಕೆ ಮೊದಲು ಜನ ತಗೋ" ಅಂತ ಎಲ್ಲರೂ ಹೇಳಿದರು. ನಂಬಿದೆ. ಸೇಲ್ಸ್‌ಗೆ ದೊಡ್ಡ ಅನುಭವ ಇದ್ದ ಒಬ್ಬರನ್ನು ಕರೆತಂದೆ. ತಿಂಗಳ ಆದಾಯದಲ್ಲಿ ಹತ್ತಿರ ಮೂರನೇ ಒಂದು ಭಾಗ ಅವರ ಸಂಬಳಕ್ಕೇ ಹೋಯಿತು. ಲ್ಯಾಪ್‌ಟಾಪ್, ಲೈಸೆನ್ಸ್, ನಾನು ಕಲಿಸಿದ ಗಂಟೆಗಳನ್ನೂ ಲೆಕ್ಕ ಹಾಕಿದರೆ ಮಾತಾಡಿದ ಸಂಬಳದ ಒಂದೂಕಾಲು ಪಟ್ಟು ದಾಟುತ್ತಿತ್ತು. 5 ತಿಂಗಳಲ್ಲಿ ಬಂದ ಹೊಸ ಗ್ರಾಹಕರು 4. ಅವರು ಮಾಡುತ್ತಿರುವುದು ಸರಿಯೋ ತಪ್ಪೋ ಅಂತ ಹೇಳಲು ನನಗೇ ಬರುತ್ತಿರಲಿಲ್ಲ. ಡೆಮೊ ಹೇಗೆ ಕೊಡಬೇಕು, ಎಷ್ಟು ರಿಯಾಯಿತಿ ಬಿಡಬಹುದು, ಎಲ್ಲ ನನ್ನ ತಲೆಯಲ್ಲೇ ಇತ್ತು. ಉಳಿಸಿಟ್ಟ ದುಡ್ಡಲ್ಲಿ ಅರ್ಧ ಕರಗಿತು.

ಆಮೇಲೆ ಉಲ್ಟಾ ಹೋದೆ. ಎರಡು ವಾರ, ಅರ್ಧ ಗಂಟೆಗೊಮ್ಮೆ ಏನು ಮಾಡಿದೆ ಅಂತ ಬರೆದಿಟ್ಟೆ. ವಾರದ 60 ಗಂಟೆಯಲ್ಲಿ 22ರಷ್ಟು ಗ್ರಾಹಕರ ಸಪೋರ್ಟ್‌ಗೇ ಹೋಗುತ್ತಿತ್ತು. ನನಗೆ ಅತಿ ಚೆನ್ನಾಗಿ ಬರುವ ಕೆಲಸ ಅದು. ಅದನ್ನೇ ಮೊದಲು ಬೇರೆಯವರಿಗೆ ಬಿಟ್ಟೆ. ಬೇರೆಯವರು ತಪ್ಪಿದರೆ ನನಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ಮೊದಲು 40 ಪುಟದ ಕೈಪಿಡಿ ಬರೆದಿದ್ದೆ, ಯಾರೂ ಓದಲಿಲ್ಲ. ಈಗ ನಾನು ಕೆಲಸ ಮಾಡುವಾಗ ಸ್ಕ್ರೀನ್ ರೆಕಾರ್ಡ್ ಮಾಡುತ್ತೇನೆ. ಹೊಸಬರು ಅದನ್ನು ನೋಡಿ ತಾವೇ ಹಂತ ಹಂತವಾಗಿ ಬರೆಯುತ್ತಾರೆ. ನಾನು ಹೇಳದೆ ಬಿಟ್ಟದ್ದೆಲ್ಲ ಅಲ್ಲೇ ಸಿಕ್ಕಿಬೀಳುತ್ತದೆ.

ಆಯ್ಕೆಗೆ ಸಂಬಳ ಕೊಟ್ಟೇ ಒಂದು ವಾರ ಕೆಲಸ ಮಾಡಿಸುತ್ತೇನೆ. ಮೊದಲ ಸಲ 11 ಜನ ಬಂದರು, 3 ಜನ ಉಳಿದರು. ಮೂರನೇ ದಿನ ಕೊಡುವ ಕೆಲಸ ಯಾವುದು ಅಂತ ಮಾತ್ರ ಹೇಳುವುದಿಲ್ಲ, ಮುಂದೆ ಬರುವವರೂ ಇದನ್ನು ಓದಬಹುದು. ಒಂದು ತಿಂಗಳ ಚಂದಾದಷ್ಟು ದುಡ್ಡನ್ನು ನನ್ನನ್ನು ಕೇಳದೆ ಗ್ರಾಹಕರಿಗೆ ವಾಪಸ್ ಕೊಡಬಹುದು ಅಂತ ಕೆಲಸಕ್ಕೆ ಸೇರಿದವರಿಗೆ ಹೇಳಿದೆ. ದಿವಾಳಿ ಆಗುತ್ತೀಯ ಅಂದವರೂ ಇದ್ದರು. ವರ್ಷಕ್ಕೆ ಹೋದದ್ದು ಒಬ್ಬರ ಅರ್ಧ ತಿಂಗಳ ಸಂಬಳಕ್ಕಿಂತ ಕಡಿಮೆ.

ನಡುವೆ ಒಂದು ತಿಂಗಳು ಮೀಟಿಂಗನ್ನೇ ನಿಲ್ಲಿಸಿ ನೋಡಿದೆ. ಮೀಟಿಂಗ್ ಇಲ್ಲದಿದ್ದರೆ ಇಬ್ಬಿಬ್ಬರೇ ಮಾತಾಡಿಕೊಳ್ಳಬೇಕು: 3 ಜನ ಇದ್ದಾಗ ಅಂಥ ಜೋಡಿಗಳು 3 ಮಾತ್ರ, 6 ಜನ ಆದರೆ 15. ಇಬ್ಬರು ಒಂದೇ ರಿಪೋರ್ಟನ್ನು 9 ದಿನ ಬೇರೆ ಬೇರೆಯಾಗಿ ಕಟ್ಟಿದರು. ಈಗ ಸೋಮವಾರ 20 ನಿಮಿಷ ಕೂರುತ್ತೇವೆ.

ಮುಂದಿನದು ಮತ್ತೆ ಸೇಲ್ಸ್. ಈ ಸಲ 4 ತಿಂಗಳು ನಾನೇ ಮಾರಿದ್ದೇನೆ, 19 ಡೆಮೊ ರೆಕಾರ್ಡ್ ಆಗಿವೆ. ಸೋಮವಾರದಿಂದ ಇಬ್ಬರು ಟ್ರಯಲ್‌ಗೆ ಬರುತ್ತಿದ್ದಾರೆ.