ಬಲಿಪೀಠದ ನಾರುಮಡಿ: ಕತ್ತರಿಸುವುದರಿಂದ ಮಡಿಸುವವರೆಗೆ

ಅರಿಮಥಾಯದ ಯೋಸೇಫನು ಯೇಸುವಿನ ದೇಹವನ್ನು ಶುದ್ಧವಾದ ನಾರುಮಡಿಯಲ್ಲಿ ಸುತ್ತಿ ಸಮಾಧಿಯಲ್ಲಿಟ್ಟನೆಂದು ಮತ್ತಾಯನ ಶುಭಸಂದೇಶ ಹೇಳುತ್ತದೆ. ಚರ್ಚಿನಲ್ಲಿ ಗುರುಗಳು ಪೂಜೆ ಅರ್ಪಿಸುವ ಬಲಿಪೀಠದ ಬಟ್ಟೆಗೆ ಅಗಸೆ ನಾರಿನ ಲಿನನ್ನೇ ಆಗಬೇಕೆಂಬ ಹಳೆಯ ರೂಢಿಯ ಹಿಂದೆ ಈ ನೆನಪಿದೆ. ಕೈಗೂ ಅದೇ ಒಳ್ಳೆಯದು: ಲಿನನ್ ತೇವ ಹೀರುತ್ತದೆ, ಎಷ್ಟು ಒಗೆದರೂ ತಾಳುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಹೊಳೆಯುತ್ತದೆ, ಆದರೆ ಚೆಲ್ಲಿದ ಒಂದು ಹನಿ ದ್ರಾಕ್ಷಾರಸವನ್ನೂ ಹೀರುವುದಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಡುವುದು ಕಾರ್ಪೊರಲ್, ಅಂದರೆ ಪಾನಪಾತ್ರೆ ಮತ್ತು ರೊಟ್ಟಿಯ ತಟ್ಟೆಯ ಅಡಿಗೆ ಹಾಸುವ ಚೌಕ ಬಟ್ಟೆ. ಇದನ್ನು ಮೂರು ಮೂರಾಗಿ ಮಡಿಸಿ ಒಂಬತ್ತು ಮನೆ ಮಾಡುವುದರಿಂದ ಮೂರರಿಂದ ಭಾಗವಾಗುವ ಅಳತೆ ಹಿಡಿಯಿರಿ. 48 ಸೆಂ.ಮೀ. ಚೌಕವಾದರೆ ಒಂದೊಂದು ಮನೆ 16 ಸೆಂ.ಮೀ. ಅಂಚನ್ನು 1 ಸೆಂ.ಮೀ.ನಂತೆ ಎರಡು ಸಲ ಮಡಚಲು 52 ಸೆಂ.ಮೀ. ಕತ್ತರಿಸಬೇಕು. ಅದಕ್ಕೂ ಮೊದಲು ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಿ. ಹೊಸ ಲಿನನ್ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಅಂಚು ಸುರುಟುತ್ತದೆ.

ಪೆನ್ಸಿಲ್ ಗೆರೆ ಎಳೆದು ಕತ್ತರಿಸಬೇಡಿ. ಸೂಜಿಯ ತುದಿಯಿಂದ ಒಂದು ಎಳೆ ಎತ್ತಿ ನಿಧಾನವಾಗಿ ಎಳೆದು ತೆಗೆದರೆ ನೇಯ್ಗೆಯ ನಡುವೆ ಕೂದಲಿನಷ್ಟು ಸಣ್ಣ ದಾರಿ ಮೂಡುತ್ತದೆ. ಕತ್ತರಿ ಆ ದಾರಿಯಲ್ಲೇ ಸಾಗಲಿ. ಎಳೆ ತಪ್ಪಿಸಿ ಕತ್ತರಿಸಿದ ಚೌಕ ನಾಲ್ಕಾರು ಸಲ ಒಗೆದ ಮೇಲೆ ಸೊಟ್ಟಗಾಗುತ್ತದೆ, ಮಡಿಕೆ ಕೂಡುವುದೇ ಇಲ್ಲ.

ಅಂಚಿನ ಮಡಿಕೆಯ ಗುರುತನ್ನು ಮೊದಲು ಇಸ್ತ್ರಿಯಲ್ಲಿ ಮೂಡಿಸಿ, ಬಿಚ್ಚಿ, ಮೂಲೆಯ ತುದಿಯನ್ನು ಓರೆಯಾಗಿ ಕತ್ತರಿಸಿಯೇ ಮತ್ತೆ ಮಡಚಿ. ಹಾಗೆ ಮಾಡದಿದ್ದರೆ ಮೂಲೆಯಲ್ಲಿ ಒಂಬತ್ತು ಪದರ ಸೇರಿ ಗಂಟಿನಂತಾಗುತ್ತದೆ. ಸಣ್ಣ ಬಿಳಿ ದಾರದಲ್ಲಿ ಕೈಯಿಂದಲೇ ಹೆಮ್ಮಿಂಗ್ ಮಾಡಿ.

ಕಸೂತಿ ಒಂದೇ ಸಾಕು: ಮುಂದಿನ ಅಂಚಿನ ಮಧ್ಯದಲ್ಲಿ, ಅಂಚಿನಿಂದ 3 ಸೆಂ.ಮೀ. ಮೇಲೆ, 2 ಸೆಂ.ಮೀ. ಎತ್ತರದ ಶಿಲುಬೆ. ಬಟ್ಟೆಯ ನಡುವೆ ಚಂದದ ಶಿಲುಬೆ ಹೊಲಿಯುವ ಆಸೆ ಹಲವರಿಗೆ. ದಯವಿಟ್ಟು ಬೇಡ. ಉಬ್ಬಿದ ದಾರದ ಮೇಲೆ ಪಾತ್ರೆ ಅಲುಗಾಡುತ್ತದೆ, ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ, ಕಣಗಳು ಎಳೆಗಳೊಳಗೆ ಸಿಕ್ಕಿಕೊಳ್ಳುತ್ತವೆ. ಇಲ್ಲಿ ಅಲಂಕಾರವಿಲ್ಲದ ಜಾಗವೇ ಭಕ್ತಿಯ ಕೆಲಸ ಮಾಡುತ್ತದೆ.

ಮಡಿಸುವಾಗ ಮೇಲ್ಮೈ ಮೇಲಕ್ಕಿರಲಿ, ಶಿಲುಬೆ ನಿಮ್ಮ ಕಡೆಗೆ. ಮುಂದಿನ ಮೂರನೇ ಒಂದು ಭಾಗವನ್ನು ಒಳಕ್ಕೆ ಮಡಚಿ, ಅದರ ಮೇಲೆ ಹಿಂದಿನದು, ಆಮೇಲೆ ಬಲ, ಕೊನೆಗೆ ಎಡ. ಹೀಗೆ ಮಡಿಸಿದರೆ ಉಳಿದ ಕಣಗಳು ಒಳಗೇ ನಿಲ್ಲುತ್ತವೆ. ಗುರುಗಳು ಬಿಚ್ಚುವಾಗಲೂ ಒಂದೊಂದಾಗಿ, ಅವಸರವಿಲ್ಲದೆ ಬಿಚ್ಚಬೇಕಾಗುತ್ತದೆ. ಆ ನಿಧಾನ ನೋಡುವವರ ಮನಸ್ಸನ್ನೂ ಹಿಡಿದು ನಿಲ್ಲಿಸುತ್ತದೆ.

ಪಾತ್ರೆ ಒರೆಸುವ ಬಟ್ಟೆಗೆ 30 x 45 ಸೆಂ.ಮೀ. ಸಾಕು. ಉದ್ದಕ್ಕೆ ಮೂರಾಗಿ, ನಂತರ ಅರ್ಧಕ್ಕೆ ಮಡಚಿ. ಕಾರ್ಪೊರಲ್‌ಗೆ ತೆಳು ಗಂಜಿ ಹಾಕಬಹುದು, ಇದಕ್ಕೆ ಹಾಕಬಾರದು. ಗಂಜಿ ಕುಡಿದ ಬಟ್ಟೆ ತೇವ ಹೀರದು.

ಪೀಠಕ್ಕೆ ಹೊದಿಸುವ ಮೇಲ್ಬಟ್ಟೆ ಬಿಳಿಯಾಗಿರಬೇಕು, ಅಗಲ ಪೀಠದ ಮೇಲ್ಮೈಯಷ್ಟೇ. 150 ಸೆಂ.ಮೀ. ಉದ್ದದ ಪೀಠಕ್ಕೆ ಎರಡೂ ಬದಿ 95 ಸೆಂ.ಮೀ. ಇಳಿಬಿಟ್ಟರೆ 340 ಸೆಂ.ಮೀ. ಆಗುತ್ತದೆ, 5 ಸೆಂ.ಮೀ. ಅಂಚನ್ನು ಎರಡು ಸಲ ಮಡಚಲು 20 ಸೇರಿಸಿ 360 ಕತ್ತರಿಸಿ. ಲೇಸು ಬೇಕೆಂದರೆ ಇಳಿಬಿದ್ದ ಭಾಗದಲ್ಲಿರಲಿ.

ಕಾರ್ಪೊರಲ್ ಮತ್ತು ಒರೆಸುವ ಬಟ್ಟೆಯನ್ನು ಮೊದಲು ಬರಿ ತಣ್ಣೀರಿನಲ್ಲಿ ಅದ್ದಿ, ಆ ನೀರನ್ನು ಚರಂಡಿಗೆ ಬಿಡದೆ ಶುದ್ಧ ಮಣ್ಣಿಗೆ ಸುರಿಯಿರಿ, ಸೋಪು ಆಮೇಲೆ. ದ್ರಾಕ್ಷಾರಸದ ಕಲೆ ಪೂರ್ತಿ ಹೋಗುವ ಮುನ್ನ ಇಸ್ತ್ರಿ ಮುಟ್ಟಿಸಬೇಡಿ, ಬಿಸಿ ತಾಗಿದರೆ ಕಲೆ ಅಲ್ಲೇ ಕಚ್ಚುತ್ತದೆ. ಮೇಣ ಬಿದ್ದರೆ ಗಟ್ಟಿಯಾಗಲು ಬಿಟ್ಟು, ಮೊಂಡು ಚಾಕುವಿನಿಂದ ಎಬ್ಬಿಸಿ, ಉಳಿದದ್ದನ್ನು ಹೀರುಕಾಗದದ ನಡುವೆ ಬೆಚ್ಚನೆಯ ಇಸ್ತ್ರಿಯಿಂದ ತೆಗೆಯಿರಿ. ಲಿನನ್ ಇನ್ನೂ ತೇವವಿದ್ದಾಗಲೇ ಇಸ್ತ್ರಿ ಮಾಡಬೇಕು. ಪೂರ್ತಿ ಒಣಗಿದರೆ ಸುಕ್ಕು ಬಿಡದು.

ಸವೆದು ತೂತಾದ ಬಟ್ಟೆಯನ್ನು ಒರೆಸುವ ಚಿಂದಿ ಮಾಡಬೇಡಿ. ಸುಟ್ಟು, ಬೂದಿಯನ್ನು ಯಾರೂ ತುಳಿಯದ ಕಡೆ ಹೂಳಿ.